ಹಡಗಿನವರು ರಾತ್ರಿ ಎಲ್ಲಿ ಮಲಗುತ್ತಾರೆ?

ಕ್ರೂಸ್ ಹಡಗಿನ ಪ್ರಯಾಣಿಕರು ಕೇಳುವ ಪೆದ್ದು ಪ್ರಶ್ನೆಗಳದ್ದೊಂದು ಪಟ್ಟಿ ಇದೆ. ಇಮೇಲ್ ಫಾರ್ವರ್ಡುಗಳ ಕಾಲದಿಂದ ಇವತ್ತಿನ ವಾಟ್ಸಾಪ್ ಕಾಲದವರೆಗೆ ಸಾಯದೆ ಓಡಾಡಿಕೊಂಡಿರುವ ಪಟ್ಟಿ. ನಿಮ್ಮಲ್ಲಿ ಹಲವರಿಗೆ ಒಮ್ಮೆಯಾದರೂ ಬಂದಿರುತ್ತದೆ. ಬಾರದವರಿಗಾಗಿ ಸ್ಯಾಂಪಲ್ ಇಲ್ಲಿದೆ:

- ಮಧ್ಯರಾತ್ರಿಯ ಬಫೆ ಎಷ್ಟು ಗಂಟೆಗೆ?
- ಈ ಮೆಟ್ಟಿಲು ಮೇಲೆ ಹೋಗುತ್ತಾ, ಕೆಳಗೆ ಹೋಗುತ್ತಾ?
- ನಾವೀಗ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದ್ದೇವೆ?
- ಹಡಗಿಗೆ ಕರೆಂಟು ಎಲ್ಲಿಂದ ಬರುತ್ತೆ?
- ಕೆಲಸದವರೆಲ್ಲ ರಾತ್ರಿ ಹಡಗಿನಲ್ಲೇ ಮಲಗ್ತಾರಾ?

ಕೊನೆಯದಕ್ಕೆ ಒಂದು ರೆಡಿಮೇಡ್ ಉತ್ತರವೂ ಇದೆ. "ಇಲ್ಲ ಮೇಡಂ, ದಿನಾ ರಾತ್ರಿ ಹೆಲಿಕಾಪ್ಟರ್ ಹತ್ತಿ ಮನೆಗೆ ಹೋಗಿ ಬೆಳಿಗ್ಗೆ ವಾಪಸ್ ಬರ್ತೀವಿ!" ಎಲ್ಲರೂ ಘೊಳ್ಳೆಂದು ನಗುತ್ತಾರೆ. ರಾತ್ರಿಯೆಲ್ಲ ರಾಮಾಯಣ ಕೇಳಿ ಬೆಳಗಾದ ಮೇಲೆ ರಾಮನಿಗೂ ಸೀತೆಗೂ ಏನು ಸಂಬಂಧ ಎಂದು ಕೇಳಿದವನ ಸಾಲಿಗೆ ಈ ಪ್ರಯಾಣಿಕರನ್ನೂ ಸೇರಿಸಿಬಿಡುತ್ತಾರೆ.

ನಾನು ಎರಡು ಸಲ ಕ್ರೂಸ್ ಹೋಗಿದ್ದೇನೆ, ಒಮ್ಮೆ ಅಲಾಸ್ಕಾಕ್ಕೆ, ಒಮ್ಮೆ ಕೆರಿಬಿಯನ್ ಕಡೆಗೆ. ಈ ಪಟ್ಟಿಯ ಪ್ರಶ್ನೆಗಳಲ್ಲಿ ಕೆಲವನ್ನು ಕಿವಿಯಾರೆ ಕೇಳಿಯೂ ಇದ್ದೇನೆ. ನನ್ನ ತಕರಾರು ಇಷ್ಟೇ: ಇವು ಪೆದ್ದು ಪ್ರಶ್ನೆಗಳಲ್ಲ. ಹಡಗಿನಲ್ಲಿ ನಿಜವಾದ ಪೆದ್ದುಮಾತುಗಳು ಬೇರೆಯೇ ಇವೆ, ಅವು ಯಾವ ಪಟ್ಟಿಯಲ್ಲೂ ಇಲ್ಲ. ಅವಕ್ಕೆ ಆಮೇಲೆ ಬರುತ್ತೇನೆ, ಮೊದಲು ಈ ಪಟ್ಟಿಯನ್ನೇ ನೋಡೋಣ.

ಸಮುದ್ರದ ಮೇಲೆ ನಿಂತು "ಸಮುದ್ರಮಟ್ಟದಿಂದ ಎಷ್ಟು ಎತ್ತರ" ಎಂದರೆ ನಗು ಬರುವುದು ಸಹಜ. ಆದರೆ ಅದೇ ಹಡಗು ಪನಾಮಾ ಕಾಲುವೆಗೆ ಹೋಗಲಿ. 1914ರಲ್ಲಿ ಶುರುವಾದ ಆ ಕಾಲುವೆಯಲ್ಲಿ ಹಡಗನ್ನು ನೀರಿನ ತೊಟ್ಟಿಗಳೊಳಗೆ ನಿಲ್ಲಿಸಿ, ನೀರು ತುಂಬಿಸಿ, ಮೆಟ್ಟಿಲು ಹತ್ತಿಸಿದ ಹಾಗೆ ಮೇಲೆತ್ತಿ ಗಾಟುನ್ ಎಂಬ ಕೆರೆಗೆ ಬಿಡುತ್ತಾರೆ. ಆ ಕೆರೆ ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಎತ್ತರದಲ್ಲಿದೆ. ಯೂರೋಪಿನ ನದಿ ಕ್ರೂಸ್‌ಗಳದ್ದು ಇನ್ನೂ ಮಜಾ. 1992ರಲ್ಲಿ ಪೂರ್ಣಗೊಂಡ ರೈನ್-ಮೈನ್-ಡಾನ್ಯೂಬ್ ಕಾಲುವೆಯ ಎತ್ತರದ ಜಾಗ 406 ಮೀಟರ್ ಮೇಲಿದೆ! ಅಲ್ಲಿ ಡೆಕ್ ಮೇಲೆ ಕಾಫಿ ಹೀರುತ್ತಾ "ಎಷ್ಟು ಎತ್ತರದಲ್ಲಿದ್ದೇವೆ" ಎಂದು ಕೇಳುವವನೇ ಜಾಣ.

ಕರೆಂಟಿನ ಪ್ರಶ್ನೆ? ಹಡಗಿನೊಳಗೇ ಡೀಸೆಲ್ ಜನರೇಟರುಗಳಿರುತ್ತವೆ. 2009ರಲ್ಲಿ ಬಂದ ಓಯಸಿಸ್ ಆಫ್ ದ ಸೀಸ್ ಹಡಗಿನ ಆರು ಎಂಜಿನ್‌ಗಳ ಒಟ್ಟು ಸಾಮರ್ಥ್ಯ 90 ಮೆಗಾವ್ಯಾಟ್‌ಗೂ ಹೆಚ್ಚು. ನಮ್ಮ ಲಿಂಗನಮಕ್ಕಿ ಅಣೆಕಟ್ಟಿನ ಬುಡದಲ್ಲಿರುವ ವಿದ್ಯುದಾಗಾರದ್ದು 55 ಮೆಗಾವ್ಯಾಟ್. ಅಂದರೆ ಲಿಂಗನಮಕ್ಕಿಯ ಆ ಪವರ್‌ಹೌಸಿಗಿಂತ ದೊಡ್ಡದೊಂದು ಪವರ್‌ಹೌಸ್, ಮೇಲೆ ಈಜುಕೊಳ, ಪಿಜ್ಜಾ ಅಂಗಡಿ ಎಲ್ಲ ಹೊತ್ತುಕೊಂಡು ತೇಲುತ್ತಿದೆ. ಇದರ ಬಗ್ಗೆ ಕುತೂಹಲ ಪಟ್ಟವರನ್ನು ನೋಡಿ ನಗುವುದೇ? ಇನ್ನು "ದಡದಿಂದ ವೈರ್ ಎಳೆದಿದ್ದಾರಾ" ಎಂದು ಯಾರಾದರೂ ಕೇಳಿದರೆ ಅದಕ್ಕೂ ನಗಬೇಡಿ. ಅಲಾಸ್ಕಾದ ಜೂನೋ ಬಂದರಿನಲ್ಲಿ 2001ರಿಂದಲೇ ಹಾಗೆ ಮಾಡುತ್ತಿದ್ದಾರೆ. ವ್ಯವಸ್ಥೆ ಇರುವ ಹಡಗು ಕಟ್ಟೆಗೆ ಬಂದು ನಿಂತಾಗ ದಡದಿಂದ ದಪ್ಪ ಕೇಬಲ್ ಸಿಕ್ಕಿಸಿಕೊಳ್ಳುತ್ತದೆ, ಎಂಜಿನ್ ಆರಿಸುತ್ತದೆ, ಜಲವಿದ್ಯುತ್ತಿನಲ್ಲಿ ದೀಪ ಉರಿಸಿಕೊಳ್ಳುತ್ತದೆ.

"ಮಧ್ಯರಾತ್ರಿಯ ಬಫೆ ಎಷ್ಟು ಗಂಟೆಗೆ" ಅನ್ನುವುದು ಅಳಿಯ ಅಲ್ಲ, ಮಗಳ ಗಂಡ ಎಂಬ ಜಾತಿಯದು, ಒಪ್ಪಿದೆ. ಆದರೆ ಹಡಗಿನಲ್ಲಿ ಗಡಿಯಾರವೇ ಒಂದು ಸಮಸ್ಯೆ. ಬೇಸಿಗೆಯಲ್ಲಿ ಮಯಾಮಿಯಿಂದ ಹೊರಟು ಮೆಕ್ಸಿಕೋದ ಕೋಝುಮೆಲ್ ದ್ವೀಪಕ್ಕೆ ಬಂದರೆ ಎರಡೂರಿನ ಗಡಿಯಾರಕ್ಕೆ ಒಂದು ಗಂಟೆ ವ್ಯತ್ಯಾಸ. ಹಡಗು ಮಯಾಮಿಯ ಸಮಯವನ್ನೇ ಇಟ್ಟುಕೊಂಡಿದ್ದರೆ, ನಿಮ್ಮ ಮೊಬೈಲು ಯಾರನ್ನೂ ಕೇಳದೆ ಊರಿನ ಸಮಯಕ್ಕೆ ತಿರುಗಿರುತ್ತದೆ. "ಇನ್ನೂ ಒಂದು ಗಂಟೆ ಇದೆಯಲ್ಲ" ಅಂದುಕೊಂಡು ಕಟ್ಟೆಯ ಮೇಲೆ ಚೀಲ ಹಿಡಿದು ಓಡುವವರನ್ನೂ, ಅವರನ್ನು ನೋಡಿ ಡೆಕ್ ಮೇಲಿಂದ ಶಿಳ್ಳೆ ಹೊಡೆಯುವವರನ್ನೂ ಕಂಡವರಿಗೆ, "ಎಷ್ಟು ಗಂಟೆ" ಅನ್ನುವುದಕ್ಕಿಂತ ಬುದ್ಧಿವಂತ ಪ್ರಶ್ನೆ ಹಡಗಿನಲ್ಲಿಲ್ಲ ಅನಿಸುತ್ತದೆ.

ಗೊಂದಲ ಎಷ್ಟು ಸಹಜ ಎಂಬುದು ಹಡಗು ಕಟ್ಟುವವರಿಗೇ ಗೊತ್ತು. ಕೆಲವು ಹಡಗುಗಳಲ್ಲಿ ಲಿಫ್ಟಿನ ನೆಲದ ಕಾರ್ಪೆಟ್ಟಿನ ಮೇಲೆ "ಮಂಗಳವಾರ", "ಬುಧವಾರ" ಎಂದು ಬರೆದಿರುತ್ತದೆ, ದಿನಾ ಬದಲಾಯಿಸುತ್ತಾರೆ. ಯಾಕೆಂದರೆ ನಾಲ್ಕು ದಿನ ಕಡಲಲ್ಲಿದ್ದರೆ ವಾರದ ಲೆಕ್ಕ ತಪ್ಪುತ್ತದೆ. ಇನ್ನು ಕೆಲವು ಹಡಗುಗಳ ಓಣಿಯ ಕಾರ್ಪೆಟ್ಟಿನ ತುಂಬಾ ಮೀನಿನ ಚಿತ್ರ. ಮೀನುಗಳೆಲ್ಲ ಈಜುತ್ತಿರುವುದು ಹಡಗಿನ ಮುಂಭಾಗದ ಕಡೆಗೆ. ಮುನ್ನೂರು ಮೀಟರ್ ಉದ್ದದ, ಕಿಟಕಿಯಿಲ್ಲದ, ಎರಡೂ ಕಡೆ ಒಂದೇ ಥರದ ಬಾಗಿಲುಗಳಿರುವ ಓಣಿಯಲ್ಲಿ ನಿಂತಾಗ ಆ ಮೀನುಗಳೇ ಗತಿ. ಮೆಟ್ಟಿಲ ಪ್ರಶ್ನೆ ಕೇಳಿದ ಪುಣ್ಯಾತ್ಮನಿಗೂ ಬೇಕಾಗಿದ್ದದ್ದು ಇಂಥದ್ದೇ ಒಂದು ಮೀನು.

ಅದೂ ಅಲ್ಲದೆ, ಎಲ್ಲ ಪ್ರಶ್ನೆಗಳನ್ನೂ ಮಾಹಿತಿಗಾಗಿಯೇ ಕೇಳುತ್ತಾರೆ ಅಂತ ಯಾರು ಹೇಳಿದ್ದು? ನಮ್ಮ ಕಡೆ ಎಲೆಯ ಮುಂದೆ ಕೂತು ಅನ್ನ ಕಲೆಸುತ್ತಿರುವವನನ್ನು "ಏನ್ರೀ, ಊಟಕ್ಕೆ ಕೂತ್ರಾ?" ಅಂತ ಕೇಳುವುದಿಲ್ಲವೇ? ಸಂತೆಯಲ್ಲಿ ಎದುರಾದವರನ್ನು "ಓಹೋ, ಸಂತೆಗೆ ಬಂದ್ರಾ?" ಅನ್ನುವುದಿಲ್ಲವೇ? ಅದಕ್ಕೆ ಯಾರೂ "ಇಲ್ಲ, ಹೆಲಿಕಾಪ್ಟರ್ ಹತ್ತೋಕೆ ಬಂದೆ" ಅನ್ನುವುದಿಲ್ಲ. "ಹ್ಞೂಂ, ಬನ್ನಿ ಬನ್ನಿ" ಅನ್ನುತ್ತಾರೆ. ಅದು ಪ್ರಶ್ನೆಯಲ್ಲ, ಮಾತಿನ ಬಾಗಿಲು ತಟ್ಟುವ ರೀತಿ. ವಾರವಿಡೀ ಊಟ ಬಡಿಸುವ ಹುಡುಗನ ಹತ್ತಿರ ಮಾತಾಡಬೇಕು ಅನಿಸಿದ ಅಜ್ಜಿಯೊಬ್ಬರು "ರಾತ್ರಿ ನೀನೂ ಇಲ್ಲೇ ಮಲಗ್ತೀಯಾ ಮಗಾ?" ಅಂದರೆ, ಅದಕ್ಕೆ ಹೆಲಿಕಾಪ್ಟರ್ ಜೋಕು ಉತ್ತರವಲ್ಲ.

ನಿಜ ಹೇಳಬೇಕೆಂದರೆ, ಇಡೀ ಪಟ್ಟಿಯಲ್ಲಿ ಅತ್ಯಂತ ಒಳ್ಳೆಯ ಪ್ರಶ್ನೆ ಅದೇ. ಇಷ್ಟು ಜನ ರಾತ್ರಿ ಎಲ್ಲಿ ಮಲಗುತ್ತಾರೆ?

2024ರ ಜನವರಿಯಲ್ಲಿ ಯಾನ ಶುರುಮಾಡಿದ ಐಕಾನ್ ಆಫ್ ದ ಸೀಸ್ ಹಡಗಿನಲ್ಲಿ ಗರಿಷ್ಠ 7,600 ಪ್ರಯಾಣಿಕರು, ಸುಮಾರು 2,350 ಸಿಬ್ಬಂದಿ. ಎರಡು ಸಾವಿರಕ್ಕೂ ಮೀರಿದ ಜನ ಅಂದರೆ ಒಂದು ಊರು. ಆದರೆ ನಮಗೆ ಕಾಣುವುದು ತಟ್ಟೆ ಹಿಡಿದವರು, ಹಾಸಿಗೆ ಸರಿಪಡಿಸುವವರು, ಹಾಡುವವರು ಮಾತ್ರ. ಉಳಿದವರು ಕಾಣದ ಹಾಗೆಯೇ ಹಡಗನ್ನು ಕಟ್ಟಿರುತ್ತಾರೆ. ಕೆಳಗಿನ ಮಹಡಿಗಳಲ್ಲಿ ಹಡಗಿನ ಉದ್ದಕ್ಕೂ ಒಂದು ದೊಡ್ಡ ಓಣಿ. ಅಮೆರಿಕದ ಹೆದ್ದಾರಿಯೊಂದರ ನೆನಪಿನಲ್ಲಿ ಅದಕ್ಕೆ "ಐ-95" ಅಂತ ಸಿಬ್ಬಂದಿಯ ಅಡ್ಡಹೆಸರು. ತರಕಾರಿ ಮೂಟೆ, ಬಟ್ಟೆಗಂಟು, ಕಸ, ಮನುಷ್ಯರು ಎಲ್ಲ ಓಡಾಡುವುದು ಅಲ್ಲೇ. ಹೆಚ್ಚಿನವರ ಮಲಗುವ ಗೂಡುಗಳೂ ಅದರ ಆಸುಪಾಸಿನಲ್ಲೇ, ಒಂದರ ಮೇಲೊಂದು ಮಂಚ, ಕಿಟಕಿ ಇಲ್ಲ.

ಎಷ್ಟು ಹೊತ್ತು ಮಲಗುತ್ತಾರೆ? ಅದಕ್ಕೂ ಕಾನೂನಿದೆ. 2013ರಲ್ಲಿ ಜಾರಿಗೆ ಬಂದ, ಭಾರತ 2015ರಲ್ಲಿ ಒಪ್ಪಿಕೊಂಡ ಸಾಗರ ಕಾರ್ಮಿಕ ಒಪ್ಪಂದದ ಲೆಕ್ಕ ಹೀಗೆ: ವಿಶ್ರಾಂತಿ ದಿನಕ್ಕೆ 10 ಗಂಟೆಗೆ, ವಾರಕ್ಕೆ 77 ಗಂಟೆಗೆ ಕಡಿಮೆ ಇರಬಾರದು. ಉಲ್ಟಾ ಓದಿದರೆ ದಿನಕ್ಕೆ 14 ಗಂಟೆಯವರೆಗೂ ಕೆಲಸ ಇರಬಹುದು ಅಂತಾಯಿತು. ಭಾನುವಾರ ಅನ್ನುವುದು ಲಿಫ್ಟಿನ ಕಾರ್ಪೆಟ್ಟಿನ ಮೇಲೆ ಮಾತ್ರ. ಹೀಗೆ ಆರು ತಿಂಗಳು, ಎಂಟು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು.

ಇಲ್ಲಿ ಇನ್ನೊಂದು "ಪೆದ್ದು" ಪ್ರಶ್ನೆಯೂ ನೆನಪಾಗುತ್ತದೆ. ಹಡಗಿನ ಹಿಂಭಾಗದಲ್ಲಿ "ನಸ್ಸೌ" ಎಂದು ಬರೆದಿದ್ದನ್ನು ನೋಡಿ "ಇದನ್ನು ಬಹಾಮಾಸಿನಲ್ಲಿ ಕಟ್ಟಿದ್ದಾ?" ಎಂದು ಒಬ್ಬರು ಕೇಳಿದ್ದರು. ದೊಡ್ಡ ಕ್ರೂಸ್ ಹಡಗುಗಳನ್ನು ಕಟ್ಟುವುದು ಫಿನ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿಗಳಲ್ಲಿ. ನಸ್ಸೌನಲ್ಲಿ ಆಗುವುದು ನೋಂದಣಿ ಮಾತ್ರ. ಕಂಪನಿಯ ಕಚೇರಿ ಅಮೆರಿಕದಲ್ಲಿ, ಪ್ರಯಾಣಿಕರು ಅಮೆರಿಕದವರು, ಧ್ವಜ ಮಾತ್ರ ಬಹಾಮಾಸಿನದ್ದೋ ಪನಾಮಾದ್ದೋ. ತೆರಿಗೆ, ಸಂಬಳ, ಕೆಲಸದ ನಿಯಮಗಳ ಲೆಕ್ಕಾಚಾರವೆಲ್ಲ ಆ ಧ್ವಜದ ಹಿಂದೆ ಅಡಗಿದೆ. ಕೇಳಿದವರಿಗೆ ಗೊತ್ತಿಲ್ಲದೆಯೇ ಅವರು ಇಡೀ ಉದ್ಯಮದ ಗುಟ್ಟಿಗೆ ಕೈಹಾಕಿದ್ದರು.

"ಎಲ್ಲಿ ಮಲಗುತ್ತಾರೆ" ಅನ್ನುವುದು ಜೀವನ್ಮರಣದ ಪ್ರಶ್ನೆಯಾಗಿದ್ದೂ ಇದೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೊನಾ ಕಾರಣಕ್ಕೆ ಕ್ವಾರಂಟೈನ್ ಮಾಡಿದ್ದು ನೆನಪಿದೆಯಲ್ಲ? ಒಟ್ಟು 3,711 ಜನ, ಅವರಲ್ಲಿ 712 ಮಂದಿಗೆ ಸೋಂಕು. ಭಾರತೀಯರು 138, ಅವರಲ್ಲಿ 132 ಜನ ಸಿಬ್ಬಂದಿ. ಪ್ರಯಾಣಿಕರಿಗೆ ಅವರವರ ಕೋಣೆಯಲ್ಲೇ ಇರಿ ಅಂದರು. ಆ ಕೋಣೆಗಳ ಬಾಗಿಲಿಗೆ ಊಟ ತಂದುಕೊಟ್ಟವರು ರಾತ್ರಿ ಮತ್ತೊಬ್ಬರೊಂದಿಗೆ ಹಂಚಿಕೊಂಡ ಗೂಡಿನಲ್ಲೇ ಮಲಗಿದರು. ಮುಂದೆ ಮಾರ್ಚಿನಲ್ಲಿ ಕ್ರೂಸ್‌ಗಳೆಲ್ಲ ನಿಂತವು. ಪ್ರಯಾಣಿಕರು ಮನೆ ಸೇರಿದರು. ಸಾವಿರಾರು ನೌಕರರು ಮಾತ್ರ ಯಾವ ಬಂದರೂ ಇಳಿಸಿಕೊಳ್ಳದೆ ತಿಂಗಳುಗಟ್ಟಲೆ ಹಡಗಿನಲ್ಲೇ ಉಳಿದರು. ಆ ಏಪ್ರಿಲಿನಲ್ಲಿ ನೂರಕ್ಕೂ ಹೆಚ್ಚು ಭಾರತೀಯ ನೌಕರರಿದ್ದ ಮರೆಲ್ಲಾ ಡಿಸ್ಕವರಿ ಹಡಗು ಮುಂಬಯಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು, ಇಳಿಯಲು ಅನುಮತಿಗಾಗಿ ದಿನಗಟ್ಟಲೆ ಕಾದಿತ್ತು.

ಈಗ ನಿಜವಾದ ಪೆದ್ದುಮಾತುಗಳಿಗೆ ಬರುತ್ತೇನೆ. ಇವು ಪ್ರಶ್ನೆಗಳಲ್ಲ, ತೀರ್ಪುಗಳು. ಬಫೆಯ ಸಾಲಿನಲ್ಲಿ, ಲಿಫ್ಟಿನಲ್ಲಿ ನನ್ನ ಕಿವಿಗೆ ಬಿದ್ದವು:

"ಎಷ್ಟು ನಗ್ತಾ ಇರ್ತಾರೆ ನೋಡಿ, ಇವರಿಗೆ ಕಷ್ಟ ಅಂದ್ರೇನು ಅಂತಾನೇ ಗೊತ್ತಿಲ್ಲ."

"ಇವರ ದೇಶದಲ್ಲಿ ಇಷ್ಟು ದುಡ್ಡು ಅಂದ್ರೆ ರಾಜನ ಥರ."

"ಟಿಪ್ಸ್ ತೆಗೆಸಿ ಹಾಕಿದೆ. ಕೌಂಟರಿಗೆ ಹೋಗಿ ಹೇಳಿದ್ರೆ ಸಾಕು, ತೆಗೀತಾರೆ. ಗೊತ್ತಿರಲಿಲ್ವಾ ನಿಮಗೆ?"

ಕೊನೆಯದು ಹೆಮ್ಮೆಯಿಂದ ಹೇಳಿದ್ದು. ಅಮೆರಿಕದ ಕಡೆಯ ಕ್ರೂಸ್‌ಗಳಲ್ಲಿ ತಲೆಗೆ ದಿನಕ್ಕೆ ಹದಿನಾರರಿಂದ ಇಪ್ಪತ್ತು ಡಾಲರ್ ಸೇವಾಶುಲ್ಕ ಅಂತ ತಾನಾಗಿ ಬಿಲ್ಲಿಗೆ ಸೇರುತ್ತದೆ. ಬಡಿಸುವವರ, ಕೋಣೆ ಸ್ವಚ್ಛ ಮಾಡುವವರ ಸಂಪಾದನೆಯಲ್ಲಿ ಅದರ ಪಾಲು ಸಣ್ಣದಲ್ಲ. ಕಂಪನಿಯೇ ನೆಟ್ಟಗೆ ಸಂಬಳ ಕೊಡಲಿ ಅನ್ನುವ ವಾದ ನನಗೂ ಒಪ್ಪಿಗೆಯೇ. ಆದರೆ ಆ ವಾದವನ್ನು ಕಂಪನಿಯ ಮುಂದೆ ಮಾಡಬೇಕು, ಹಾಸಿಗೆ ಹಾಸಿದವನ ಜೇಬಿನಲ್ಲಿ ಅಲ್ಲ.

ಇನ್ನೊಂದು ಅಪ್ಪಟ ಕನ್ನಡದಲ್ಲೇ ಕೇಳಿದ್ದು, ಅಲಾಸ್ಕಾದ ಹಡಗಿನಲ್ಲಿ. ನಮ್ಮ ಪಕ್ಕದ ಟೇಬಲ್ಲಿನಲ್ಲಿ ಬೆಂಗಳೂರಿನ ಕುಟುಂಬ. ಯಾರಿಗೂ ಅರ್ಥವಾಗುವುದಿಲ್ಲ ಅನ್ನುವ ಧೈರ್ಯದಲ್ಲಿ ಯಜಮಾನರು ಜೋರಾಗಿಯೇ ಅಂದರು, "ಇವ್ರಿಗೇನ್ ಬಿಡೇ, ತಿಂದ್ಕೊಂಡು ಉಂಡ್ಕೊಂಡು ಪುಕ್ಸಟ್ಟೆ ಊರ್ ಸುತ್ತೋ ಕೆಲ್ಸ." ನೀರು ಬಗ್ಗಿಸುತ್ತಿದ್ದ ಹುಡುಗ ಲೋಟ ತುಂಬಿಸಿ, ಅಷ್ಟೇ ಮೆಲ್ಲಗೆ ಹೇಳಿದ: "ಸಾರ್, ಮೊಸರನ್ನ ಬೇಕಿದ್ದರೆ ಆಚೆ ಕೌಂಟರಿನಲ್ಲಿ ಉಂಟು." ಮಂಗಳೂರಿನ ಕಡೆಯವನು! ಆಮೇಲೆ ಆ ಟೇಬಲ್ಲಿನಲ್ಲಿ ಚಮಚದ ಸದ್ದು ಮಾತ್ರ.

ಮಾರನೇ ದಿನ ಅವನು ಸಿಕ್ಕಾಗ ಜೂನೋ ನೋಡಿದೆಯಾ ಅಂತ ಕೇಳಿದೆ. "ಊರು ಸುತ್ತುವುದೆಲ್ಲಿ ಮಾರಾಯ್ರೆ, ಎರಡು ಗಂಟೆ ಬಿಡುವು ಸಿಕ್ಕಿದರೆ ವೈಫೈ ಇರುವಲ್ಲಿ ಹೋಗಿ ಮನೆಗೆ ಫೋನ್ ಮಾಡುವುದು, ಬರುವುದು. ನಾನು ಹೋದ ಊರಿನಲ್ಲೆಲ್ಲ ನೋಡಿದ್ದು ಅಮ್ಮನ ಮುಖವೇ," ಅಂದ. ಹೇಳುವಾಗಲೂ ನಗುತ್ತಲೇ ಇದ್ದ. ಆ ನಗುವಿಗೂ ಸಂಬಳದ ಚೀಟಿಗೂ ಇರುವ ಸಂಬಂಧ ಊಹಿಸಲು ಹೆಚ್ಚು ಬುದ್ಧಿ ಬೇಕಿಲ್ಲ.

ಪ್ರಶ್ನೆ ಕೇಳಿದವರಿಗೆ ಗೊತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ. ತೀರ್ಪು ಕೊಟ್ಟವರಿಗೆ ಅದೂ ಗೊತ್ತಿರುವುದಿಲ್ಲ. ನಾವು ನಗುವುದು ಮಾತ್ರ ಮೊದಲಿನವರನ್ನು ನೋಡಿ. ಇದರಿಂದ ಆಗುವ ನಷ್ಟ ಏನೆಂದರೆ, ನಗೆಪಾಟಲಿಗೆ ಹೆದರಿ ಜನ ಕೇಳುವುದನ್ನೇ ಬಿಡುತ್ತಾರೆ. ಕೇಳುವವರಿಲ್ಲದಿದ್ದರೆ ಕೆಳಗಿನ ಮಹಡಿ ಇದೆ ಅನ್ನುವುದೇ ಮರೆತುಹೋಗುತ್ತದೆ. ಕಟ್ಟಿದವರಿಗೆ ಬೇಕಿರುವುದೂ ಅದೇ.

ಹಾಗಾಗಿ ಮುಂದೆಂದಾದರೂ ಕ್ರೂಸ್ ಹತ್ತಿದರೆ ನಾಚಿಕೆ ಬಿಟ್ಟು ಕೇಳಿ. ನೀವು ಎಲ್ಲಿ ಮಲಗ್ತೀರಿ, ನಿಮ್ಮ ಊಟ ಎಷ್ಟು ಹೊತ್ತಿಗೆ, ಊರಿಗೆ ಹೋಗಿ ಎಷ್ಟು ತಿಂಗಳಾಯ್ತು, ವಾಪಸ್ ಯಾವಾಗ? ಯಾರಾದರೂ ಹೆಲಿಕಾಪ್ಟರ್ ಜೋಕು ಹೇಳಿದರೆ ಹೇಳಿಕೊಳ್ಳಲಿ, ನಕ್ಕುಬಿಡಿ. ಆಮೇಲೆ ಇನ್ನೊಂದು ಸಲ ಕೇಳಿ.

ನೀವೂ ಹಡಗಿನಲ್ಲೋ ರೈಲಿನಲ್ಲೋ ಇಂಥ ಪ್ರಶ್ನೆ ಕೇಳಿಸಿಕೊಂಡಿದ್ದರೆ ಬರೆಯಿರಿ. ತೀರ್ಪುಗಳಿದ್ದರೂ ಬರೆಯಿರಿ, ಅವುಗಳದ್ದೇ ಒಂದು ಪಟ್ಟಿ ಮಾಡಿ ನಾವೂ ಫಾರ್ವರ್ಡ್ ಮಾಡೋಣ.