ಅರಿವಿನ ಕೊರತೆ ಎಂಬ ನೆಪ

ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಹೆಂಗಸರು ಬರುತ್ತಿಲ್ಲ ಎಂದಾಗಲೆಲ್ಲ ಆರೋಗ್ಯ ಇಲಾಖೆಯ ಬಾಯಲ್ಲಿ ಕಾರಣ ಸಿದ್ಧವಾಗಿರುತ್ತದೆ: ಅರಿವಿಲ್ಲ, ನಾಚಿಕೆ, ಮೂಢನಂಬಿಕೆ. ಪರಿಹಾರವೂ ಸಿದ್ಧ. ಒಂದು ಜಾಥಾ, ನಾಲ್ಕು ಬ್ಯಾನರ್, ವೇದಿಕೆಯಲ್ಲಿ ದೀಪ ಬೆಳಗುವ ಗಣ್ಯರು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಈ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ತಮಿಳುನಾಡಿನಲ್ಲಿ ಹತ್ತಿರ ಹತ್ತಿರ ಹತ್ತು ಮಂದಿ. ಹೊಸೂರು ದಾಟಿದ ಕೂಡಲೇ ನಾಚಿಕೆ ಐದನೇ ಒಂದು ಪಾಲಿಗೆ ಇಳಿದುಬಿಡುತ್ತದೆಯೇ?

ಅರಿವಿನ ವಾದವನ್ನು ಬುಡಸಮೇತ ಅಲ್ಲಾಡಿಸುವ ಸಾಕ್ಷ್ಯ ನಮ್ಮ ಗಡಿಯಾಚೆಯೇ ಇದೆ. ಬೀದರ್, ಕಲಬುರಗಿಗೆ ಅಂಟಿಕೊಂಡಿರುವ ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ. ಬರಗಾಲದ ಸೀಮೆ. ಅಲ್ಲಿನ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ 1.3 ಲಕ್ಷ ಹೆಂಗಸರನ್ನು ಒಳಗೊಂಡ ದೊಡ್ಡ ಅಧ್ಯಯನ ನಡೆದು, ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ತಪಾಸಣೆಗೆ ಕರೆದವರಲ್ಲಿ ನೂರಕ್ಕೆ ಸುಮಾರು 79 ಮಂದಿ ಬಂದರು. ಶಾಲೆಯ ಮೆಟ್ಟಿಲು ಹತ್ತದವರು ಅವರಲ್ಲಿ ಬಹಳ ಇದ್ದರು. ಕಾರ್ಯಕರ್ತೆಯರು ಮನೆಗೆ ಹೋಗಿ ಕರೆದಿದ್ದರು. ತರಬೇತಾದ ನರ್ಸ್‌ಗಳು ಊರ ಹತ್ತಿರವೇ ಪರೀಕ್ಷಿಸಿದರು. ಮುಂದಿನ ಚಿಕಿತ್ಸೆಗೆ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆ ಬೆನ್ನಿಗಿತ್ತು.

ಅದೇ ಅಧ್ಯಯನದ ಇನ್ನೊಂದು ಗುಂಪಿನ ಕಥೆ ಕಹಿಯಾದದ್ದು. 31,488 ಹೆಂಗಸರಿಗೆ ಪರೀಕ್ಷೆ ಮಾಡಲಿಲ್ಲ. ತಿಳಿವಳಿಕೆ ಹೇಳಿ, ಬೇಕಾದರೆ ಎಲ್ಲಿಗೆ ಹೋಗಬಹುದು ಎಂದು ತಿಳಿಸಿ ಬಿಟ್ಟರು. ಅಂದರೆ ನಮ್ಮ ಇಲಾಖೆ ಇಂದಿಗೂ ಮಾಡುವುದನ್ನೇ ಮಾಡಿದರು. ಆ ಗುಂಪಿನಲ್ಲಿ ಈ ಕ್ಯಾನ್ಸರ್‌ಗೆ 64 ಮಂದಿ ಸತ್ತರು. ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಾಣುವಿನ ಪರೀಕ್ಷೆಯ ಗುಂಪಿನ 34,126 ಮಂದಿಯಲ್ಲಿ ಸತ್ತವರು 34. ಬಡ ಹೆಂಗಸರನ್ನು ಹೀಗೆ ಪರೀಕ್ಷೆಯಿಲ್ಲದೆ ಬಿಟ್ಟದ್ದು ಸರಿಯೇ ಎಂಬ ಜಗಳ ವೈದ್ಯಲೋಕದಲ್ಲಿ ವರ್ಷಗಟ್ಟಲೆ ನಡೆಯಿತು, ನಡೆಯಬೇಕಾದದ್ದೇ. ಆದರೆ ಸಂಶೋಧಕರನ್ನು ಕಟಕಟೆಗೆ ತಂದ ನಾವು, ತಿಳಿವಳಿಕೆ ಹೇಳಿ ಕೈತೊಳೆದುಕೊಳ್ಳುವ ಸರ್ಕಾರಗಳನ್ನು ಆ ಕಟಕಟೆಗೆ ತರಲಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಉಸ್ಮಾನಾಬಾದ್ ಅಧ್ಯಯನದಲ್ಲಿ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಳತೆಯಲ್ಲಿ ನೋಡುವ ಪರೀಕ್ಷೆಯಿಂದ ಸಾವು ಗಮನಾರ್ಹವಾಗಿ ತಗ್ಗಲಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನೇ ಮಾಡಿದ ಮುಂಬೈ ಅಧ್ಯಯನದಲ್ಲಿ ಶೇ 31ರಷ್ಟು ತಗ್ಗಿತು. 2016ರ ಕೇಂದ್ರದ ಮಾರ್ಗಸೂಚಿ ನೆಚ್ಚಿರುವುದು ಈ ಪರೀಕ್ಷೆಯನ್ನೇ, ಅದೂ ಐದು ವರ್ಷಕ್ಕೊಮ್ಮೆ.

ಹೆಂಗಸರಿಗೆ ಹೆದರಿಕೆ ಇಲ್ಲವೆಂದಲ್ಲ. ಆದರೆ ಅದು ಲೆಕ್ಕಾಚಾರದ ಹೆದರಿಕೆ. ಒಂದು ದಿನದ ಕೂಲಿ ಬಿಡಬೇಕು, ಬಾಗಿಲಿಗೆ ಚಿಲಕವಿಲ್ಲದ ಕೋಣೆಯಲ್ಲಿ ಬಟ್ಟೆ ಸರಿಸಿ ಮಲಗಬೇಕು. ಏನಾದರೂ ಕಂಡರೆ ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿನ ಕಿದ್ವಾಯಿಗೆ. ಜೊತೆಗೆ ಯಾರು ಬರುತ್ತಾರೆ, ಗಂಡನಿಗೆ ಏನೆಂದು ಹೇಳುವುದು? ‘ಗೊತ್ತಾಗಿ ಏನು ಮಾಡಲಿ?’ ಎಂದು ಅವಳು ಕೇಳಿದರೆ ಅದನ್ನು ಅಜ್ಞಾನ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೆ ಹೋಗುತ್ತದೆ, ಒಳ್ಳೆಯದು. ಆದರೆ ಬಿಪಿ, ಶುಗರ್ ನೋಡಿದ ಹಾಗೆ ಗರ್ಭಕಂಠವನ್ನು ಜಗಲಿಯ ಮೇಲೆ ನೋಡಲಾಗದು. ಇದಕ್ಕೂ ದಾರಿಯಿದೆ: ಹೆಂಗಸು ತಾನೇ ಮರೆಯಲ್ಲಿ ಹತ್ತಿಕಡ್ಡಿಯಿಂದ ಮಾದರಿ ತೆಗೆದುಕೊಟ್ಟರೆ ಎಚ್‌ಪಿವಿ ಪರೀಕ್ಷೆಗೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಇದನ್ನು ಒಪ್ಪುತ್ತದೆ. ಆಸ್ಟ್ರೇಲಿಯಾ 2022ರ ಜುಲೈಯಿಂದ ತಪಾಸಣೆಗೆ ಅರ್ಹರಾದ ಎಲ್ಲರಿಗೂ ಈ ಆಯ್ಕೆ ಕೊಟ್ಟಿದೆ. ದುಬಾರಿ ಎನ್ನುತ್ತಾರೆ. ವರ್ಷಕ್ಕೆ 75 ಸಾವಿರಕ್ಕೂ ಹೆಚ್ಚು ಹೆಂಗಸರು ಈ ಒಂದೇ ಕ್ಯಾನ್ಸರ್‌ಗೆ ಸಾಯುವ ದೇಶದಲ್ಲಿ ದುಬಾರಿ ಯಾವುದು ಎಂಬ ಲೆಕ್ಕವನ್ನು ಹಣಕಾಸು ಇಲಾಖೆಯೇ ಬರೆದು ತೋರಿಸಲಿ.

ಆರೋಗ್ಯ ಇಲಾಖೆ ಎಷ್ಟು ಮಂದಿಯನ್ನು ತಪಾಸಣೆ ಮಾಡಿದೆವು ಎಂದಷ್ಟೇ ಹೇಳಿದರೆ ಸಾಲದು. ಪಾಸಿಟಿವ್ ಬಂದವರೆಷ್ಟು, ಅವರಲ್ಲಿ ಚಿಕಿತ್ಸೆ ಸಿಕ್ಕಿದ್ದು ಎಷ್ಟು ಮಂದಿಗೆ, ಎಷ್ಟು ದಿನದ ಮೇಲೆ ಎಂಬುದನ್ನು ತಾಲೂಕುವಾರು, ಪ್ರತಿ ತಿಂಗಳು ಪ್ರಕಟಿಸಲಿ.