ಹೆದ್ದಾರಿಯ ಚರಿತ್ರೆಗೆ ಆಧಾರವೆಲ್ಲಿ?

ಕೊಪ್ಪಳದಿಂದ ಗಂಗಾವತಿಗೆ ಹೋಗುವ ಮಾರ್ಗದ ಬಳಿಯಲ್ಲಿ ಹೇಮಗುಡ್ಡದ ಕೋಟೆಯು ನಿಂತಿರುವುದು. ಅದರ ಹಳೆಯ ಗೋಡೆಗಳನ್ನು ಕಂಡ ಪ್ರಯಾಣಿಕನಿಗೆ, ಈ ದಾರಿಯಾದರೂ ಎಷ್ಟು ಹಳೆಯದಿದ್ದೀತು ಎಂಬ ಪ್ರಶ್ನೆಯು ಸಹಜವಾಗಿಯೇ ಹುಟ್ಟುವುದು. ಪ್ರಶ್ನೆಯು ಸಾಧುವಾದುದು, ಅದಕ್ಕೆ ದೊರೆಯುವ ಉತ್ತರಗಳು ಮಾತ್ರ ಸಾಧುವಾದವುಗಳಲ್ಲ. ಇದು ಅಶೋಕನ ದಾರಿಯೆಂದು ಒಬ್ಬರು, ಕುಮಾರರಾಮನ ದಂಡು ನಡೆದ ದಾರಿಯೆಂದು ಮತ್ತೊಬ್ಬರು, ವಿಜಯನಗರದ ಅರಸರ ರಾಜಮಾರ್ಗವೆಂದು ಇನ್ನೊಬ್ಬರು ಹೇಳುವರು. ಆಧಾರವೇನೆಂದು ಕೇಳಿದರೆ ಮೂವರೂ ಕೊಡುವ ಉತ್ತರವು ಒಂದೇ: ಎಲ್ಲರೂ ಹಾಗೆಯೇ ಹೇಳುತ್ತಾರೆ. ಎಲ್ಲರೂ ಹೇಳುವ ಮಾತು ಐತಿಹ್ಯವಾಗಬಲ್ಲದು, ಇತಿಹಾಸವಾಗಲಾರದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಹೇಳುವ ಗಾದೆಯುಳ್ಳ ನಾಡಿನಲ್ಲಿ, ಯಾರೂ ಕಾಣದ್ದನ್ನು ಪ್ರಮಾಣಿಸದೆಯೇ ಅಚ್ಚು ಹಾಕಿಸುವುದು ವಿಚಿತ್ರವಲ್ಲವೇ?

ಮೊದಲು ಅಶೋಕನ ಮಾತನ್ನೇ ಪರೀಕ್ಷಿಸಬಹುದು. ಮಸ್ಕಿಯ ಶಾಸನವು 1915ರಲ್ಲಿಯೂ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಶಾಸನಗಳು 1931ರಲ್ಲಿಯೂ ಬೆಳಕಿಗೆ ಬಂದವು. ಈ ಸಂಗತಿಗಳು ನಿರ್ವಿವಾದವಾದವು. ಆ ಬಂಡೆಗಳ ಬಳಿಗೆ ಜನರು ಬಂದುಹೋಗುತ್ತಿದ್ದರೆಂದು ಊಹಿಸುವುದೂ ಯುಕ್ತವೇ. ಆದರೆ ಈ ಶಾಸನಗಳಲ್ಲಿ ಯಾವುದೊಂದೂ ದಾರಿಯ ಮಾತನ್ನೆತ್ತುವುದಿಲ್ಲ. ದಾರಿಯ ಬದಿಗೆ ಮರ ನೆಡಿಸಿ ಬಾವಿ ತೋಡಿಸಿದುದನ್ನು ಹೇಳುವ ಅಶೋಕನ ಶಾಸನಗಳು ಬೇರೆ. ಅವು ಕೂಡ ಇಂಥದೇ ದಾರಿಯೆಂದು ಹೆಸರಿಸುವುದಿಲ್ಲ. ನಕ್ಷೆಯ ಮೇಲೆ ಕೊಪ್ಪಳದಿಂದ ಮಸ್ಕಿಗೆ ಗೆರೆಯೊಂದನ್ನೆಳೆದು, ಅದನ್ನು ಇಂದಿನ ಡಾಂಬರು ರಸ್ತೆಗೆ ಹೊಂದಿಸಿದರೆ, ಆ ದಾರಿಯು ಗೆರೆಯೆಳೆದವನದಾಗುವುದೇ ಹೊರತು ಮೌರ್ಯರದಾಗುವುದಿಲ್ಲ.

ಸುವರ್ಣಗಿರಿಯ ವಿಷಯವೂ ಹೀಗೆಯೇ. ಅಲ್ಲಿದ್ದ ರಾಜಪುತ್ರನಿಂದ ಇಸಿಲದ ಮಹಾಮಾತ್ರರಿಗೆ ಆಜ್ಞೆಯು ಹೋದುದನ್ನು ಬ್ರಹ್ಮಗಿರಿಯ ಶಾಸನವು ತಿಳಿಸುವುದು. ಆ ಸುವರ್ಣಗಿರಿಯು ಈ ಪ್ರಾಂತದ ಕನಕಗಿರಿಯೇ ಎಂದು ಕೆಲವರು, ಆಂಧ್ರದ ಜೊನ್ನಗಿರಿಯೆಂದು ಇನ್ನು ಕೆಲವರು ವಾದಿಸಿರುವರು. ಕನಕವೆಂದರೂ ಸುವರ್ಣವೆಂದರೂ ಚಿನ್ನವೇ ಎಂಬುದಷ್ಟೇ ಪ್ರಮಾಣವಾದರೆ, ಹೇಮವೆಂದರೂ ಚಿನ್ನವೇ. ಗುಡ್ಡಕ್ಕೂ ಗಿರಿಗೂ ಭೇದವಿಲ್ಲ. ಹಾಗಾದರೆ ಹೇಮಗುಡ್ಡವೂ ಸುವರ್ಣಗಿರಿಯೇ ಆಗಬೇಕಾಗುವುದು! ನಿಘಂಟನ್ನು ಕೈಯಲ್ಲಿ ಹಿಡಿದು ಊರುಗಳನ್ನು ಗುರುತಿಸಹೊರಟರೆ ಸೇರುವ ತಾಣವು ಇಂಥದು.

ಇನ್ನು ಕುಮಾರರಾಮನ ಕಥೆ. ಕಂಪಿಲಿಯ ರಾಜ್ಯವು ಇದ್ದುದೂ, ದೆಹಲಿಯ ಮಹಮ್ಮದ್ ಬಿನ್ ತುಘಲಕನ ಸೈನ್ಯದಿಂದ ಅದು 1327ರ ಸುಮಾರಿಗೆ ಅಳಿದುದೂ ಚರಿತ್ರೆಯೇ. ಓಡಿಬಂದ ಬಹಾವುದ್ದೀನನಿಗೆ ಕಂಪಿಲರಾಯನು ಆಶ್ರಯವಿತ್ತುದನ್ನು ಇಬನ್ ಬತೂತನು ಬರೆದಿರುವನು. ಆದರೆ ಕುಮಾರರಾಮನನ್ನು ಕೊಂಡಾಡುವ ಕಾವ್ಯಗಳು ಈ ಘಟನೆಗಳಾಗಿ ಬಹುಕಾಲವಾದ ಮೇಲೆ ಹುಟ್ಟಿದವು. ಜನರು ವೀರನೊಬ್ಬನನ್ನು ಹೇಗೆ ನೆನಪಿನಲ್ಲಿಟ್ಟುಕೊಂಡರೆಂಬುದಕ್ಕೆ ಅವು ಅಮೂಲ್ಯವಾದ ಸಾಕ್ಷಿಗಳು. ಅವನ ಕುದುರೆಗಳು ಯಾವ ದಾರಿಯನ್ನು ತುಳಿದವೆಂಬುದಕ್ಕೆ ಸಾಕ್ಷಿಗಳಲ್ಲ. ವಿಜಯನಗರದ ಮಾತಿಗೂ ಈ ನ್ಯಾಯವೇ ಸಲ್ಲುವುದು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸನು, ಆನೆಗೊಂದಿಯ ಬಳಿಯಲ್ಲಿ ಜನರು ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ದುಂಡನೆಯ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದರೆಂದು ಬರೆದಿರುವನು. ಇದರಿಂದ ಹರಿಗೋಲಿನ ದಾಟು ಸಿದ್ಧವಾಗುವುದು. ದಾಟಿದ ಮೇಲೆ ಬಂಡಿಯ ದಾರಿಯು ಹೇಮಗುಡ್ಡದ ಬುಡದಲ್ಲಿಯೇ ಹೋಗುತ್ತಿದ್ದಿತೆಂದು ಹೇಳಲು ಬೇರೊಂದು ಆಧಾರವು ಬೇಕು. ಸಾಕ್ಷಿಯು ಎಲ್ಲಿಯವರೆಗೆ ನಡೆಯುವುದೋ ಚರಿತ್ರಕಾರನೂ ಅಲ್ಲಿಯವರೆಗೇ ನಡೆಯತಕ್ಕದ್ದು.

ಹಳೆಯ ಕಾಲದ ಮಾತು ಹಾಗಿರಲಿ. ಕಣ್ಣೆದುರಿನ ಕಾಲದ ಸಂಗತಿಗಳಲ್ಲಿಯೂ ಈ ಅಜಾಗರೂಕತೆಯು ತಪ್ಪಿದ್ದಲ್ಲ. ಕೊಪ್ಪಳ ಜಿಲ್ಲೆಯನ್ನು ಎರಡು ದೊಡ್ಡ ರಾಷ್ಟ್ರೀಯ ಹೆದ್ದಾರಿಗಳು ಹಾಯ್ದುಹೋಗುವವು. ವಿಜಯಪುರದಿಂದ ಕುಷ್ಟಗಿ, ಹೊಸಪೇಟೆಗಳ ಮೇಲೆ ಚಿತ್ರದುರ್ಗಕ್ಕೆ ಹೋಗುವ ದಾರಿಗೆ ಈಗ 50ನೆಯ ಸಂಖ್ಯೆ. ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆಗಳ ಮೇಲೆ ಬಳ್ಳಾರಿಗೆ ಹೋಗುವ ದಾರಿಗೆ 67ನೆಯದು. ಈ ಸಂಖ್ಯೆಗಳು ಬಂದುದು 2010ರಲ್ಲಿ, ದೇಶದ ಹೆದ್ದಾರಿಗಳಿಗೆಲ್ಲ ಹೊಸ ಕ್ರಮದಲ್ಲಿ ಸಂಖ್ಯೆಯನ್ನಿತ್ತಾಗ. ಉತ್ತರ ದಕ್ಷಿಣವಾಗಿ ಹೋಗುವವುಗಳಿಗೆ ಸಮಸಂಖ್ಯೆ, ಪೂರ್ವ ಪಶ್ಚಿಮವಾಗಿ ಹೋಗುವವುಗಳಿಗೆ ವಿಷಮಸಂಖ್ಯೆ ಎಂಬುದು ಆ ಕ್ರಮ. ಅದಕ್ಕೆ ಮೊದಲು ಕುಷ್ಟಗಿಯ ದಾರಿಯು 13ನೆಯದಾಗಿಯೂ ಕೊಪ್ಪಳದ ದಾರಿಯು 63ನೆಯದಾಗಿಯೂ ಇದ್ದವು. ಆಗಿನ 50 ನಾಸಿಕದಿಂದ ಪುಣೆಗೆ ಹೋಗುವ ದಾರಿ. ಆಗಿನ 67 ನಾಗಪಟ್ಟಣದಿಂದ ಗುಂಡ್ಲುಪೇಟೆಗೆ ಬರುವ ದಾರಿ. ಇಂದಿನ 13 ಎಲ್ಲಿದೆಯೆಂದರೆ ದೂರದ ಅರುಣಾಚಲ ಪ್ರದೇಶದಲ್ಲಿ! ಇದನ್ನರಿಯದೆ ಹಳೆಯ ವರದಿಯೊಂದರಲ್ಲಿ 50ನೆಯ ಹೆದ್ದಾರಿಯ ಕಾಮಗಾರಿಯನ್ನು ಓದಿ ಅದನ್ನು ಕುಷ್ಟಗಿಗೆ ಅಂಟಿಸಿದವನು, ಪುಣೆಯ ಕಲ್ಲುಮಣ್ಣನ್ನು ತಂದು ಕೊಪ್ಪಳದಲ್ಲಿ ಸುರಿದಂತಾಗುವುದು. ಆ ಬರಹವನ್ನು ಇನ್ನೊಬ್ಬನು ನಕಲು ಮಾಡಿ, ಅವನದನ್ನು ಮತ್ತೊಬ್ಬನು ನಕಲು ಮಾಡಿದರೆ, ಮೂರು ಪುಸ್ತಕಗಳ ಸಾಕ್ಷಿಯಿದೆಯೆಂಬ ಭ್ರಾಂತಿಯು ಹುಟ್ಟುವುದು. ಸಾಕ್ಷಿಯು ಮೂರಲ್ಲ, ಒಂದೂ ಅಲ್ಲ. ತಪ್ಪು ಮಾತ್ರ ಒಂದೇ.

ಸರಿಯಾದ ಆಧಾರಗಳು ಇಲ್ಲವೆಂದಲ್ಲ. ಹುಡುಕುವ ಶ್ರಮವು ಬೇಡವಾಗಿದೆ. 1948ರವರೆಗೆ ಕೊಪ್ಪಳವು ನಿಜಾಮರ ಹೈದರಾಬಾದು ಸಂಸ್ಥಾನದೊಳಗೆ ಸಾಲಾರ ಜಂಗರ ಜಹಗೀರಾಗಿದ್ದಿತು. ಪಶ್ಚಿಮದ ಗದಗು ಮುಂಬಯಿ ಇಲಾಖೆಗೂ, ಹೊಳೆಯಾಚೆಯ ಹೊಸಪೇಟೆಯು ಮದರಾಸು ಇಲಾಖೆಗೂ ಸೇರಿದ್ದವು. ಇಂದು ಒಂದೇ ಹೆದ್ದಾರಿಯಾಗಿ ಕಾಣುವ ಗದಗು ಹೊಸಪೇಟೆಯ ದಾರಿಯು ಅಂದು ಮೂರು ಸರಕಾರಗಳ ನೆಲದಲ್ಲಿ ಹರಿದಿದ್ದಿತು. ಆದುದರಿಂದ ಅದರ ಕಾಗದಪತ್ರಗಳನ್ನು ಮುಂಬಯಿ, ಹೈದರಾಬಾದು, ಚೆನ್ನೈಗಳ ದಫ್ತರಗಳಲ್ಲಿ ಅರಸಬೇಕು. ಹೈದರಾಬಾದಿನವುಗಳನ್ನು ಓದಲು ಉರ್ದುವನ್ನು ಬಲ್ಲವರ ನೆರವನ್ನು ಪಡೆಯಬೇಕು. 'ರಾಷ್ಟ್ರೀಯ ಹೆದ್ದಾರಿ' ಎಂಬ ವರ್ಗವು 1943ರ ನಾಗಪುರ ಯೋಜನೆಯಲ್ಲಿ ರೂಪುಗೊಂಡು, 1956ರ ಅಧಿನಿಯಮದಿಂದ ಕಾಯಿದೆಯ ಬಲವನ್ನು ಪಡೆಯಿತೆಂಬುದನ್ನು ನೆನೆದರೆ, ನಿಜಾಮರ ಕಾಲದ ರಾಷ್ಟ್ರೀಯ ಹೆದ್ದಾರಿಯೆಂಬ ಮಾತು ಯಾರ ಲೇಖನಿಯಿಂದಲೂ ಹೊರಡಲಾರದು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ಹರಿಸಿದ ತುಂಗಭದ್ರೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳ್ಳಿಗಳೂ ಅವುಗಳ ದಾರಿಗಳೂ ಮುಳುಗಿದುದನ್ನು ನೆನೆದರೆ, ಇಂದಿನ ದಾರಿಯೇ ಅನಾದಿಯಿಂದಲೂ ಇದ್ದುದೆಂಬ ಭಾವನೆಯೂ ಅಳಿಯುವುದು.

ಇದಕ್ಕೂ ಹಿಂದಿನ ಕಾಲಕ್ಕೆ ಶಾಸನಗಳುಂಟು. ಕೊಪ್ಪಳದ ಕನ್ನಡ ಶಾಸನಗಳು ಹೈದರಾಬಾದಿನ ಪ್ರಾಚ್ಯವಸ್ತು ಇಲಾಖೆಯಿಂದ 1935ರಲ್ಲಿಯೇ ಪುಸ್ತಕವಾಗಿ ಪ್ರಕಟವಾಗಿರುವುವು. ಭೂಮಿಯ ಎಲ್ಲೆಯನ್ನು ಹೇಳುವಾಗ ಶಾಸನಗಳು ಬಟ್ಟೆಯನ್ನು, ಎಂದರೆ ದಾರಿಯನ್ನು, ಹೆಸರಿಸುವುದುಂಟು. ಚಾಲುಕ್ಯರ ಕಾಲದವು ಹೆಜ್ಜುಂಕದ ದತ್ತಿಯನ್ನು ಹೇಳುವುದುಂಟು. ಸುಂಕವಿದ್ದಲ್ಲಿ ಸರಕು, ಸರಕಿದ್ದಲ್ಲಿ ದಾರಿ. ಅರಸನ ಹೆಸರಿಲ್ಲದ ಇಂಥ ಸಣ್ಣ ಉಲ್ಲೇಖವೊಂದು, ಆಧಾರವಿಲ್ಲದ ನೂರು ರಾಜಮಾರ್ಗಗಳಿಗಿಂತ ಮಿಗಿಲಾದುದು.

ಇಷ್ಟು ಕಟ್ಟುನಿಟ್ಟಾದರೆ ನಾಡಿನ ಅಭಿಮಾನಕ್ಕೆ ಕುಂದು ಬರುವುದೆಂದು ಕೆಲವರು ಆಕ್ಷೇಪಿಸುವರು. ನಿಜವಾದ ಕುಂದು ಬೇರೆಡೆಯಲ್ಲಿದೆ. ರಸ್ತೆಯನ್ನು ಅಗಲಿಸುವ ಕಾಲದಲ್ಲಿ ಹಳೆಯ ಮೈಲಿಗಲ್ಲು, ವೀರಗಲ್ಲು, ಅರವಟ್ಟಿಗೆಯ ಕಟ್ಟೆ, ಬಾವಿ ಇವೆಲ್ಲವೂ ಯಂತ್ರಕ್ಕೆ ಎದುರಾಗುವವು. ಅವುಗಳ ಪಟ್ಟಿಯನ್ನು ಮೊದಲೇ ಯಾರಾದರೂ ಬರೆದಿಟ್ಟಿದ್ದರೆ ಉಳಿಸಿರೆಂದು ಕೇಳುವುದು ಸಾಧ್ಯ. ಅಶೋಕನ ದಾರಿಯೆಂಬ ಹೊಗಳಿಕೆಯಿಂದ ಒಂದು ಕಲ್ಲೂ ಉಳಿಯದು. ಸುಳ್ಳು ವೈಭವವನ್ನು ಬರೆಯುವುದರಲ್ಲಿ ಕಳೆದ ಪ್ರತಿಯೊಂದು ದಿನವೂ ದಿಟವಾದ ಸಾಕ್ಷಿಯನ್ನು ಬರೆದಿಡದೆ ಕಳೆದ ದಿನವೇ ಆಗಿದೆ. ಒಮ್ಮೆ ಮಣ್ಣುಪಾಲಾದ ಶಾಸನವನ್ನು ಯಾವ ಅಭಿಮಾನವೂ ಮರಳಿ ತರಲಾರದು.

ಆದುದರಿಂದ ಹೆದ್ದಾರಿಯ ಚರಿತ್ರೆಯನ್ನು ಬರೆಯುವವನು ಪ್ರತಿಯೊಂದು ಹೇಳಿಕೆಯ ಬಳಿಯಲ್ಲಿಯೂ ಅದು ಎಲ್ಲಿಂದ ಬಂದಿತು, ಯಾವ ವರ್ಷದ್ದು, ಯಾವ ದಾರಿಯ ಯಾವ ಭಾಗಕ್ಕೆ ಸಲ್ಲುವುದು ಎಂಬ ಮೂರನ್ನೂ ಬರೆಯತಕ್ಕದ್ದು. ಬರೆಯಲಾಗದಿದ್ದರೆ ಆ ಹೇಳಿಕೆಯನ್ನು ಬಿಡತಕ್ಕದ್ದು. ಬರೆಯದ ಪುಸ್ತಕವನ್ನು ಓದುವವರು ಕೊಳ್ಳದಿರತಕ್ಕದ್ದು. ಶಾಲೆಗಳು ಮಕ್ಕಳ ಕೈಗೆ ಕೊಡದಿರತಕ್ಕದ್ದು. ಹೇಮಗುಡ್ಡದ ಕೋಟೆಗೆ ಹೊಗಳುಭಟರ ಅವಶ್ಯಕತೆಯಿಲ್ಲ. ಅದರ ಬಳಿಯ ದಾರಿಯಲ್ಲಿ ಅಳತೆಯ ದಾರವನ್ನೂ ಬರೆಯುವ ಪುಸ್ತಕವನ್ನೂ ಹಿಡಿದು ನಡೆಯುವ ನಾಲ್ಕು ಮಂದಿಯ ಅವಶ್ಯಕತೆಯಿದೆ.