ಸಣ್ಣ ಬುಶ್, ದೊಡ್ಡ ಬಿಲ್ಲು: ಗೇರ್ ಲಿಂಕೇಜ್ ದುರಸ್ತಿಯ ಲೆಕ್ಕಾಚಾರ

ವ್ಯಾಪಾರ ಸಂಸ್ಥೆಗಳ ವಾರ್ಷಿಕ ಲೆಕ್ಕಪತ್ರಗಳಲ್ಲಿ ‘ವಾಹನ ದುರಸ್ತಿ ಮತ್ತು ನಿರ್ವಹಣೆ’ ಎಂಬ ಬಾಬ್ತು ಸಾಮಾನ್ಯವಾಗಿ ಯಾರ ಗಮನವನ್ನೂ ಸೆಳೆಯುವುದಿಲ್ಲ. ಕಚ್ಚಾ ಸಾಮಗ್ರಿಯ ದರದಲ್ಲಿ ಕಿಲೋಗೆ ಐವತ್ತು ಪೈಸೆಗೂ ಚೌಕಾಶಿ ಮಾಡುವ ಉದ್ಯಮಿಗಳು, ಗ್ಯಾರೇಜಿನ ಬಿಲ್ಲಿಗೆ ಮಾತ್ರ ಮರುಮಾತಿಲ್ಲದೆ ಹಣ ಪಾವತಿಸುತ್ತಾರೆ. ಕಾರಿನ ಒಳಭಾಗ ತಮಗೆ ಎಟುಕದ ವಿದ್ಯೆಯೆಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆಗೆ ನಾವು ತೆರುತ್ತಿರುವ ಬೆಲೆ ಎಷ್ಟೆಂಬುದಕ್ಕೆ ಗೇರ್ ಲಿಂಕೇಜ್ ದೋಷವು ಒಳ್ಳೆಯ ನಿದರ್ಶನ.

ಚಾಲಕನ ಕೈಯಲ್ಲಿರುವ ಗೇರ್ ಲಿವರಿನ ಚಲನೆಯನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ ವ್ಯವಸ್ಥೆಗೆ ಲಿಂಕೇಜ್ ಎಂದು ಹೆಸರು. ಇಂದಿನ ಮ್ಯಾನ್ಯುಯಲ್ ಗೇರಿನ ಬಹುಪಾಲು ಕಾರುಗಳಲ್ಲಿ ಈ ಕೆಲಸವನ್ನು ಎರಡು ಕೇಬಲ್‌ಗಳು ಮಾಡುತ್ತವೆ. ಒಂದು ಲಿವರಿನ ಎಡಬಲ ಚಲನೆಯನ್ನು, ಇನ್ನೊಂದು ಹಿಂದುಮುಂದಿನ ಚಲನೆಯನ್ನು ಸಾಗಿಸುತ್ತದೆ. ಕೇಬಲ್‌ಗಳ ತುದಿಯಲ್ಲಿ ಪ್ಲಾಸ್ಟಿಕ್ ಅಥವಾ ರಬ್ಬರಿನ ಸಣ್ಣ ಬುಶ್‌ಗಳಿರುತ್ತವೆ. ಎಂಜಿನ್ನಿನ ಶಾಖ, ಧೂಳು ಮತ್ತು ವಯಸ್ಸಿನಿಂದ ಇವು ಸವೆಯುತ್ತವೆ, ಬಿರಿಯುತ್ತವೆ. ಆಗ ಲಿವರ್ ಸಡಿಲವಾಗುತ್ತದೆ. ರಿವರ್ಸ್ ಗೇರ್ ಬೀಳಲು ತಕರಾರು ಮಾಡುತ್ತದೆ. ಬುಶ್ ಪೂರ್ತಿ ಕಳಚಿದರೆ ಲಿವರ್ ಸುಮ್ಮನೆ ಅಲುಗಾಡುತ್ತದೆಯೇ ಹೊರತು ಗೇರ್ ಬದಲಾಗುವುದಿಲ್ಲ.

ಸಮಸ್ಯೆ ಇರುವುದು ಇಲ್ಲಿಯೇ. ‘ಗೇರ್ ಬೀಳುತ್ತಿಲ್ಲ’ ಎಂಬ ಒಂದೇ ದೂರಿಗೆ ಬುಶ್, ಕೇಬಲ್, ಕ್ಲಚ್, ಗೇರ್‌ಬಾಕ್ಸ್ ಎಂಬ ನಾಲ್ಕು ಬಗೆಯ ಉತ್ತರಗಳು ಸಾಧ್ಯ. ಬುಶ್ಶಿನ ಬೆಲೆ ನೂರುಗಳಲ್ಲಿದ್ದರೆ ಕೇಬಲ್ ಜೋಡಿಯದು ಸಾವಿರಗಳಲ್ಲಿರುತ್ತದೆ. ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದರೆ ವೆಚ್ಚ ಹತ್ತಾರು ಸಾವಿರಕ್ಕೆ ಏರುತ್ತದೆ. ಪರೀಕ್ಷೆಯಿಲ್ಲದೆ ಗೇರ್‌ಬಾಕ್ಸಿಗೆ ಕೈಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದಂತೆ. ಎಂಜಿನ್ ನಿಂತಿರುವಾಗ ಗೇರ್ ಸಲೀಸಾಗಿ ಬಿದ್ದು, ಚಾಲೂ ಇರುವಾಗ ಮಾತ್ರ ಬಿಗಿಯಾದರೆ ಮೊದಲು ಕ್ಲಚ್ಚನ್ನು ನೋಡಬೇಕು. ಎಂಜಿನ್ ನಿಂತಿರುವಾಗಲೂ ಲಿವರ್ ಸಡಿಲವಿದ್ದರೆ ಅಥವಾ ತೊಡಕುತ್ತಿದ್ದರೆ ಲಿಂಕೇಜನ್ನು ಮೊದಲು ಪರೀಕ್ಷಿಸುವುದು ಯುಕ್ತ. ಹಾಗೆಂದು ಸಣ್ಣ ದೋಷವನ್ನು ಅಲಕ್ಷಿಸಲೂ ಬಾರದು. ಗೇರ್ ಅರೆಬರೆ ಕೂಡಿಕೊಂಡೇ ವಾಹನ ಓಡಿದರೆ ಒಳಗಿನ ಹಲ್ಲುಗಳೂ ಸಿಂಕ್ರೊ ರಿಂಗುಗಳೂ ಸವೆದು, ಇಲ್ಲದ ದೊಡ್ಡ ದುರಸ್ತಿ ನಿಜವಾಗಿಯೇ ಎದುರಾಗುತ್ತದೆ.

ಈಗ ತೆರಿಗೆಯ ಮಾತಿಗೆ ಬರೋಣ. ‘ಕಂಪನಿಯ ಖರ್ಚು ತಾನೆ’ ಎಂಬ ಸಮಾಧಾನ ಅರ್ಧ ಸತ್ಯ ಮಾತ್ರ. 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನ ಪ್ರಕಾರ, ಚಾಲಕನೂ ಸೇರಿ 13ರವರೆಗೆ ಆಸನಗಳುಳ್ಳ ಪ್ರಯಾಣಿಕ ವಾಹನದ ದುರಸ್ತಿಗೆ ತೆತ್ತ ತೆರಿಗೆಯ ಮೇಲೆ, ಟ್ಯಾಕ್ಸಿಯಂಥ ಕೆಲವು ವ್ಯವಹಾರಗಳ ಹೊರತು, ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಉದಾಹರಣೆಗೆ, ಕಾರಿನ ದುರಸ್ತಿಗೆ 20,000 ರೂ. ಬಿಲ್ಲಾದರೆ ಶೇ. 18ರಂತೆ 3,600 ರೂ. ತೆರಿಗೆ ಸೇರಿ 23,600 ರೂ. ಪೂರ್ತಿಯೂ ನಮ್ಮ ವೆಚ್ಚವೇ. ಸರಕು ಸಾಗಣೆಯ ವಾಹನಕ್ಕೆ ಈ ನಿರ್ಬಂಧವಿಲ್ಲ. ವಾಹನದ ಬಿಡಿಭಾಗಗಳ ಮೇಲಿನ ದರವನ್ನು 2025ರ ಸೆಪ್ಟೆಂಬರ್ 22ರಿಂದ ಏಕರೂಪವಾಗಿ ಶೇ. 18ಕ್ಕೆ ತರಲಾಗಿದೆ, ಹಿಂದೆ ಶೇ. 28 ತೆರುತ್ತಿದ್ದ ಭಾಗಗಳ ಬೆಲೆಯಲ್ಲಿ ಇಳಿಕೆ ಕಂಡಿದೆಯೇ ಎಂದು ಬಿಲ್ಲುಗಳನ್ನು ಹೋಲಿಸಿ ನೋಡುವುದು ಒಳಿತು. ಆದಾಯ ತೆರಿಗೆಯಲ್ಲಿ ದುರಸ್ತಿ ವೆಚ್ಚಕ್ಕೆ ಕಳೆಯುವಿಕೆ ಉಂಟಾದರೂ ಸ್ವಂತ ಬಳಕೆಯ ಪಾಲನ್ನು ಬಿಡಬೇಕಾಗುತ್ತದೆ. ಒಂದೇ ದಿನ ಒಬ್ಬರಿಗೆ 10,000 ರೂ. ಮೀರಿ ನಗದು ಕೊಟ್ಟರೆ ಆ ವೆಚ್ಚ ಅಮಾನ್ಯವಾಗಬಹುದು. ಅಂದಾಜು ಆದಾಯ ಪದ್ಧತಿಯಡಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳಿಗಂತೂ ಪ್ರತ್ಯೇಕ ಕಳೆಯುವಿಕೆಯೇ ಇಲ್ಲ.

ಬಿಡಿಭಾಗಗಳ ಲಭ್ಯತೆ ಇನ್ನೊಂದು ಮುಖ್ಯ ಪ್ರಶ್ನೆ. ಅನೇಕ ವೇಳೆ ಬುಶ್ ಬಿಡಿಯಾಗಿ ಸಿಗದೆ, ಇಡೀ ಕೇಬಲ್ ಜೋಡಣೆಯನ್ನೇ ಕೊಳ್ಳಬೇಕಾಗುತ್ತದೆ. ಬಿಡಿಭಾಗಗಳು ಮುಕ್ತ ಮಾರುಕಟ್ಟೆಗೆ ಬಾರದಂತೆ ತಡೆದುದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂ.ಗೂ ಮಿಕ್ಕಿ ದಂಡ ವಿಧಿಸಿತ್ತು. ಆದೇಶದ ವಿರುದ್ಧ ಮೇಲ್ಮನವಿಗಳಾದುದು ನಿಜ. ಆದರೆ ಅದು ಎತ್ತಿದ ಪ್ರಶ್ನೆ ಇಂದಿಗೂ ಜೀವಂತವಾಗಿದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಆರಂಭಿಸಿದ ‘ರೈಟ್ ಟು ರಿಪೇರ್’ ಪೋರ್ಟಲಿನಲ್ಲಿ ವಾಹನ ಕ್ಷೇತ್ರವೂ ಸೇರಿದೆಯೆಂಬುದು ಗಮನಾರ್ಹ.

ಗ್ಯಾರೇಜಿನವರ ಪಕ್ಷವನ್ನೂ ಆಲಿಸಬೇಕು. ಬುಶ್ ಅಗ್ಗವಾದರೂ ಅದನ್ನು ತಲುಪಲು ಹಲವು ಭಾಗಗಳನ್ನು ಬಿಚ್ಚಬೇಕು. ಕೂಲಿ ಇಬ್ಬರಿಗೂ ಒಂದೇ ಸಲ ಬೀಳುವುದಾದರೆ ಹೊಸ ಕೇಬಲ್ ಹಾಕುವುದೇ ಲೇಸೆಂಬ ವಾದದಲ್ಲಿ ಹುರುಳಿದೆ. ಕಳಪೆ ಬುಶ್ ಹಾಕಿ ಕಾರು ಮರಳಿ ಬಂದರೆ ಹೆಸರು ಕೆಡುವುದು ಅವರದೇ. ಆದರೆ ಆ ನಿರ್ಧಾರ ಲೆಕ್ಕ ನೋಡಿದ ಬಳಿಕ ಮಾಲೀಕನದಾಗಬೇಕೇ ಹೊರತು, ಕೆಲಸ ಮುಗಿದ ಮೇಲೆ ತಿಳಿಯುವ ಸಂಗತಿಯಾಗಬಾರದು.

ಆದುದರಿಂದ ಸದಸ್ಯರು ಕೆಲವು ಶಿಸ್ತುಗಳನ್ನು ರೂಢಿಸಿಕೊಳ್ಳಬೇಕು. ದೋಷದ ಪರೀಕ್ಷೆಗೂ ದುರಸ್ತಿಗೂ ಪ್ರತ್ಯೇಕ ಒಪ್ಪಿಗೆ ಕೊಡಿ. ಭಾಗ, ಕೂಲಿ, ತೆರಿಗೆಗಳನ್ನು ಬಿಡಿಸಿ ತೋರಿಸಿದ ಲಿಖಿತ ಅಂದಾಜು ಪಡೆಯಿರಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಪ್ರತಿ ವಾಹನಕ್ಕೂ ಒಂದು ದುರಸ್ತಿ ವಹಿ ಇಡಿ.

ನಮ್ಮ ಸಂಸ್ಥೆಯೂ ಇದರಲ್ಲಿ ಮುಂದಾಗಬೇಕು. ಸಣ್ಣ ಭಾಗಗಳನ್ನು ಬಿಡಿಯಾಗಿ ಮಾರಬೇಕೆಂದು ತಯಾರಕರನ್ನೂ ಸರ್ಕಾರವನ್ನೂ ಒತ್ತಾಯಿಸಬೇಕು. ಪೀಣ್ಯದಿಂದ ಬೆಳಗಾವಿಯವರೆಗೆ ರಬ್ಬರ್, ಪ್ಲಾಸ್ಟಿಕ್ ಅಚ್ಚಿನ ಕೆಲಸ ಬಲ್ಲ ಸಣ್ಣ ಕೈಗಾರಿಕೆಗಳಿಗೆ ಇಂಥ ಬುಶ್‌ಗಳ ತಯಾರಿಕೆ ಅಸಾಧ್ಯವೇನಲ್ಲ. ಪರರ ಮುದ್ರೆಯನ್ನು ನಕಲು ಮಾಡದೆ, ತಮ್ಮದೇ ಹೆಸರಿನಲ್ಲಿ ಗುಣಮಟ್ಟದ ಭರವಸೆಯೊಂದಿಗೆ ಅವರು ಮಾರುಕಟ್ಟೆಗೆ ಬರಲಿ. ಒಬ್ಬರ ದುರಸ್ತಿ ವೆಚ್ಚ ತಗ್ಗಿದಾಗ ಇನ್ನೊಬ್ಬರ ಕಾರ್ಖಾನೆಗೆ ಬೇಡಿಕೆ ಬಂದರೆ, ಎರಡೂ ಲಾಭ ನಮ್ಮ ಸದಸ್ಯರ ಖಾತೆಗೇ ಜಮೆಯಾಗುತ್ತವೆ.